ಮಗ ಇನ್ನೂ ಮಾತಾಡುತ್ತಿಲ್ಲ; ‘ಅರ್ಲಿ ಇಂಟರ್ವೆನ್ಷನ್’ ಅಂದರೆ ಆಪರೇಷನ್ನಾ?

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನ ಹಳ್ಳಿಯವರು. ಮಗನಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ‘ಅಮ್ಮ’ ಅಂತ ಕರೆಯೋದು ಯಾವಾಗಲೋ ಒಂದು ಸಲ. ನೀರು ಬೇಕಾದರೆ ನನ್ನ ಕೈ ಹಿಡಿದು ಬಿಂದಿಗೆ ಹತ್ತಿರ ಎಳೆದುಕೊಂಡು ಹೋಗುತ್ತಾನೆ. ಆದರೆ ಮೊಬೈಲಿನಲ್ಲಿ ಕೇಳಿದ ‘ಎ ಫಾರ್ ಆಪಲ್’ ಪೂರ್ತಿ ಹೇಳುತ್ತಾನೆ. ತಟ್ಟೆ ಬಿದ್ದರೆ ತಿರುಗಿ ನೋಡುತ್ತಾನೆ, ಹಾಗಾಗಿ ಕಿವಿ ಸರಿಯಾಗಿದೆ ಅಂದುಕೊಂಡಿದ್ದೇವೆ. ನಾನು ಸೋದರತ್ತೆ ಮಗನನ್ನೇ ಮದುವೆಯಾಗಿರೋದು. ಅತ್ತೆ ‘ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನೆ ಹೆದರಬೇಡ’ ಅಂತಾರೆ, ದಿನಾ ನಾಲಿಗೆಗೆ ಬಜೆ ತೇದು ಹಚ್ಚುತ್ತಾರೆ. ಪಕ್ಕದ ಮನೆಯವರು ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತೆ ಅಂತಾರೆ. ಅಂಗನವಾಡಿಗೆ ಬಂದಿದ್ದ ಡಾಕ್ಟರು ಚೀಟಿಯಲ್ಲಿ ‘ಅರ್ಲಿ ಇಂಟರ್ವೆನ್ಷನ್‌ಗೆ ಕಳಿಸಿ’ ಅಂತ ಬರೆದುಕೊಟ್ಟಿದ್ದಾರೆ. ಹೋದ ವರ್ಷ ನಮ್ಮ ಮಾವನಿಗೆ ಮೈಸೂರಿನ ಜಯದೇವದಲ್ಲಿ ಸ್ಟೆಂಟ್ ಹಾಕಿದಾಗಲೂ ಇದೇ ಪದ ಕೇಳಿದ್ದೆವು. ಮಗುವಿಗೂ ಆಪರೇಷನ್ನಾ? ಒಂದು ಖಾಸಗಿ ಸೆಂಟರ್‌ನವರು ಆರು ತಿಂಗಳ ಪ್ಯಾಕೇಜ್ ತಗೊಂಡರೆ ಮಾತು ಗ್ಯಾರಂಟಿ ಅಂದರು. ಮೂರು ವರ್ಷದವರೆಗೆ ಕಾಯಬಹುದಾ? ಈಗಲೇ ಹೋದರೆ ‘ಬುದ್ಧಿಮಾಂದ್ಯ’ ಅಂತ ಹಣೆಪಟ್ಟಿ ಬೀಳಲ್ವಾ? (ಹೆಸರು ಬೇಡ)

ಉತ್ತರ: ಆಪರೇಷನ್ ಅಲ್ಲ ತಾಯಿ. ಇಂಜೆಕ್ಷನ್ ಕೂಡ ಇಲ್ಲ. ಆ ಚೀಟಿ ಹಿಡಿದು ನನ್ನಂಥ ವಾಕ್ ಚಿಕಿತ್ಸಕಿಯ ಹತ್ತಿರ ಬಂದರೆ ಕಾಣುವುದು ಒಂದು ಚಾಪೆ, ಒಂದಷ್ಟು ಆಟಿಕೆ, ಒಂದು ಚೆಂಡು. ಈ ಪದ ಕೇಳಿ ಹೆದರಿದವರು ನೀವೊಬ್ಬರೇ ಅಲ್ಲ. ಚೀಟಿ ಬರೆಯುವಾಗ ಇನ್ನೆರಡು ನಿಮಿಷ ಕೊಟ್ಟು ವಿವರಿಸಿದ್ದರೆ ನಿಮಗೆ ಈ ಗಾಬರಿ ಇರುತ್ತಿರಲಿಲ್ಲ.

ನಿಮ್ಮ ಮಾವನವರಿಗೆ ಮಾಡಿದ್ದು ಹೃದಯದ ರಕ್ತನಾಳದೊಳಗೆ ಸಣ್ಣ ಕೊಳವೆ ಕಳಿಸಿ, ಬಲೂನ್ ಉಬ್ಬಿಸಿ, ಸ್ಟೆಂಟ್ ಕೂರಿಸುವ ಕೆಲಸ. ಹೃದಯದ ಡಾಕ್ಟರುಗಳು ಅದನ್ನು ಇಂಟರ್ವೆನ್ಷನ್ ಅನ್ನುತ್ತಾರೆ. ಕುಡಿಯುವವರ ಜೊತೆ ಐದು ಹತ್ತು ನಿಮಿಷ ಕೂತು, ಬೈಯದೆ, ಲೆಕ್ಕ ತೋರಿಸಿ ಮಾತಾಡುವುದನ್ನೂ ವೈದ್ಯರು ಅದೇ ಹೆಸರಿನಿಂದ ಕರೆಯುತ್ತಾರೆ. ಉಪ್ಪಿಗೆ ಅಯೋಡಿನ್ ಬೆರೆಸುವುದು, ಅಂಗನವಾಡಿಯಲ್ಲಿ ಮೊಟ್ಟೆ ಕೊಡುವುದು ಕೂಡ ಇದೇ ಲೆಕ್ಕಕ್ಕೆ ಬರುತ್ತವೆ. ಇವೆಲ್ಲದರಲ್ಲೂ ಇರುವುದು ಒಂದೇ. ಹೀಗೇ ಬಿಟ್ಟರೆ ವಿಷಯ ಒಂದು ಕಡೆಗೆ ಹೋಗುತ್ತೆ, ಅದು ಬೇಡ ಅಂತ ಯಾರೋ ಯೋಚನೆ ಮಾಡಿ ನಡುವೆ ಕೈ ಹಾಕುತ್ತಾರೆ. ಕತ್ತರಿ ಹಿಡಿದೂ ಕೈ ಹಾಕಬಹುದು, ಚೆಂಡು ಹಿಡಿದೂ ಹಾಕಬಹುದು. ‘ಅರ್ಲಿ’ ಅಂದರೆ ಬೇಗ, ಅಷ್ಟೇ.

ಕೈ ಹಾಕಿದ ಮಾತ್ರಕ್ಕೆ ಒಳ್ಳೆಯದಾಗುತ್ತೆ ಅಂತಲೂ ಇಲ್ಲ. ಅಮೆರಿಕದಲ್ಲಿ ದಾರಿ ತಪ್ಪುತ್ತಿದ್ದ ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗಿ, ಅಲ್ಲಿನ ಕೈದಿಗಳಿಂದಲೇ ಹೆದರಿಸುವ ಕಾರ್ಯಕ್ರಮ ಮಾಡಿದರು. ಕೇಳಿದವರಿಗೆಲ್ಲ ಇದು ಸರಿ ಅನ್ನಿಸಿತು. ಆಮೇಲೆ ಹೋಲಿಸಿ ನೋಡಿದರೆ, ಜೈಲು ನೋಡಿ ಬಂದ ಹುಡುಗರೇ ನೋಡದವರಿಗಿಂತ ಜಾಸ್ತಿ ಅಪರಾಧ ಮಾಡಿದ್ದರು. ಇನ್ನೊಂದು ಕಡೆ ಜಮೈಕಾದಲ್ಲಿ, ಬೆಳವಣಿಗೆ ಕುಂಠಿತವಾದ ಬಡ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದು ಗಂಟೆಯಂತೆ ಎರಡು ವರ್ಷ ಹೋದರು. ನಮ್ಮ ಆಶಾ ಕಾರ್ಯಕರ್ತೆಯರಂಥವರೇ ಅವರು. ಮನೆಯಲ್ಲೇ ಮಾಡಿದ ಆಟಿಕೆ ಇಟ್ಟುಕೊಂಡು, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಅಂತ ತಾಯಂದಿರಿಗೆ ತೋರಿಸಿಕೊಟ್ಟರು. ಅಷ್ಟೇ. ಇಪ್ಪತ್ತು ವರ್ಷ ಕಳೆದ ಮೇಲೆ ಆ ಮಕ್ಕಳ ಸಂಪಾದನೆ, ಅಂಥದ್ದೇ ಸ್ಥಿತಿಯಲ್ಲಿದ್ದು ಈ ಭೇಟಿ ಸಿಗದ ಮಕ್ಕಳಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಹಾಗಾಗಿ ಬಜೆ ಇರಲಿ, ಪ್ಯಾಕೇಜ್ ಇರಲಿ, ನನ್ನ ಥೆರಪಿಯೇ ಇರಲಿ, ಒಂದೇ ಪ್ರಶ್ನೆ ಕೇಳಿ. ಇದನ್ನು ಮಾಡದಿದ್ದರೆ ಏನಾಗುತ್ತಿತ್ತು, ಮಾಡಿದ್ದರಿಂದ ಏನು ಬದಲಾಯಿತು?

ಈಗ ನಿಮ್ಮ ಮಗನ ವಿಷಯ. ಕಿವಿಯಿಂದ ಶುರು ಮಾಡೋಣ. ಉಳಿದದ್ದೆಲ್ಲ ಆಮೇಲೆ.

ತಟ್ಟೆ ಬಿದ್ದರೆ ತಿರುಗುತ್ತಾನೆ ಅಂದಿರಿ. ಬರುವ ತಂದೆತಾಯಂದಿರಲ್ಲಿ ಹೆಚ್ಚಿನವರು ಹೇಳುವ ಮಾತು ಇದು. ತಟ್ಟೆಯ ಸದ್ದು ತುಂಬಾ ಜೋರು. ಕಿವಿ ಅರ್ಧ ಕೇಳಿದರೂ ಮಗು ತಿರುಗುತ್ತೆ. ಮಾತು ಅಷ್ಟು ಜೋರಿಲ್ಲ. ಅದರಲ್ಲೂ ಸ, ಶ, ತ, ಫ ಥರದ ಅಕ್ಷರಗಳ ಸದ್ದು ಬಹಳ ಸಣ್ಣದು. ಇಂಥ ಮಗುವಿಗೆ ಬಾಗಿಲು ಬಡಿದದ್ದು ಕೇಳುತ್ತೆ, ನಾಯಿ ಬೊಗಳಿದ್ದು ಕೇಳುತ್ತೆ, ನಿಮ್ಮ ಮಾತು ಮಾತ್ರ ಮುರುಕುಮುರುಕಾಗಿ ಕೇಳುತ್ತೆ. ಪದೇ ಪದೇ ನೆಗಡಿಯಾಗುವ ಮಕ್ಕಳಿಗೆ ಕಿವಿಪರದೆಯ ಹಿಂದೆ ನೀರು ತುಂಬಿ, ಒಂದು ವಾರ ಚೆನ್ನಾಗಿ ಕೇಳಿದರೆ ಇನ್ನೊಂದು ವಾರ ಮಂಕಾಗುವುದೂ ಉಂಟು.

ಸೋದರತ್ತೆ ಮಗನನ್ನು ಮದುವೆಯಾಗಿರೋದನ್ನು ನೀವೇ ಬರೆದದ್ದು ಒಳ್ಳೆಯದಾಯಿತು. ದೂರಲು ಹೇಳುತ್ತಿಲ್ಲ, ನಮ್ಮ ಕಡೆ ಇದು ಮಾಮೂಲಿ. ಆದರೆ ಸೋದರ ಸಂಬಂಧದಲ್ಲಿ ಹುಟ್ಟಿದ ಮಕ್ಕಳಿಗೆ ವಂಶದಿಂದ ಬರುವ ಶ್ರವಣದೋಷದ ಸಾಧ್ಯತೆ ಸ್ವಲ್ಪ ಜಾಸ್ತಿ. ಅಪ್ಪ ಅಮ್ಮ ಇಬ್ಬರಿಗೂ ಚೆನ್ನಾಗಿ ಕೇಳುತ್ತಿದ್ದರೂ ಮಗುವಿಗೆ ಬರಬಹುದು. ಹಾಗಾಗಿ ‘ಕಿವಿ ಸರಿಯಾಗಿದೆ’ ಅನ್ನುವುದನ್ನು ಮಿಷನ್ ಹೇಳಬೇಕು, ನೀವೂ ನಾನೂ ಹೇಳುವಂತಿಲ್ಲ.

ಪರೀಕ್ಷೆಗಳು ಎರಡು ಮೂರು ಥರ ಇವೆ. ಒಎಇ ಅನ್ನುವುದರಲ್ಲಿ ಕಿವಿಗೆ ಸಣ್ಣ ರಬ್ಬರ್ ತುದಿ ಇಟ್ಟು ಸದ್ದು ಕಳಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಬೆರಾ ಅನ್ನುವುದರಲ್ಲಿ ಮಗು ಮಲಗಿರಬೇಕು, ತಲೆಗೆ ಅಂಟಿಸುವ ವೈರುಗಳ ಮೂಲಕ ಸದ್ದು ಮಿದುಳಿನವರೆಗೆ ಹೋಗುತ್ತಿದೆಯಾ ಅಂತ ನೋಡುತ್ತಾರೆ. ಯಾವುದೂ ನೋಯುವುದಿಲ್ಲ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ‘ಪಾಸ್’ ಅಂದಿದ್ದರೂ ಈಗ ಇನ್ನೊಮ್ಮೆ ಮಾಡಿಸಿ. ಕೆಲವು ಶ್ರವಣದೋಷ ಹುಟ್ಟಿದ ಮೇಲೆ ನಿಧಾನವಾಗಿ ಕಾಣಿಸಿಕೊಳ್ಳುತ್ತೆ. ದೋಷ ಇದ್ದರೆ ಶ್ರವಣ ಸಾಧನ ಇದೆ. ಅದರಿಂದ ಆಗದಷ್ಟು ತೀವ್ರವಾಗಿದ್ದರೆ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಅನ್ನುವ ಸಾಧನ ಇದೆ, ಅದು ಮಾತ್ರ ನಿಜವಾದ ಆಪರೇಷನ್. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಅದಕ್ಕೆ ಸಹಾಯ ಸಿಗುತ್ತೆ, ಆದರೆ ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ವಯಸ್ಸಿನ ಮಿತಿ ಇದೆ. ನಾನು ಕಾಯಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ‘ಎ ಫಾರ್ ಆಪಲ್’. ಇದು ಒಳ್ಳೆಯ ಸುದ್ದಿಯೂ ಹೌದು, ಗಮನಿಸಬೇಕಾದ್ದೂ ಹೌದು. ಹುಡುಗನ ನೆನಪು ಚೆನ್ನಾಗಿದೆ, ದನಿ ಇದೆ, ನಾಲಿಗೆ ಹೊರಳುತ್ತಿದೆ. ಕಿವಿಯೂ ಪೂರ್ತಿ ಮುಚ್ಚಿಲ್ಲ. ಆದರೆ ಆ ಪದಗಳನ್ನು ಅವನು ಯಾರಿಗೂ ಹೇಳುತ್ತಿಲ್ಲ, ಸುಮ್ನೆ ಹೇಳಿಕೊಳ್ಳುತ್ತಿದ್ದಾನೆ. ನೀರು ಬೇಕು ಅನ್ನಲು ಬೆರಳು ತೋರಿಸದೆ ನಿಮ್ಮ ಕೈಯನ್ನೇ ಎಳೆದೊಯ್ಯುತ್ತಾನೆ ಅನ್ನುವುದನ್ನೂ ಇದರ ಜೊತೆ ಇಟ್ಟು ನೋಡಬೇಕು.

ಮನೆಯಲ್ಲೇ ಒಂದು ವಾರ ಗಮನಿಸಿ. ರಸ್ತೆಯಲ್ಲಿ ಕಬ್ಬಿನ ಲಾರಿ ಹೋಯಿತು ಅನ್ನಿ. ಅವನು ಲಾರಿ ನೋಡುತ್ತಾನೆ, ಸರಿ. ಲಾರಿ ನೋಡಿ, ಆಮೇಲೆ ತಿರುಗಿ ನಿಮ್ಮ ಮುಖ ನೋಡಿ, ಮತ್ತೆ ಲಾರಿ ಕಡೆ ನೋಡುತ್ತಾನಾ? ‘ನೋಡಮ್ಮ’ ಅನ್ನುವ ಹಾಗೆ ಬೆರಳು ಚಾಚುತ್ತಾನಾ? ಹಿಂದಿನಿಂದ ಹೆಸರು ಕರೆದರೆ ಸಾಮಾನ್ಯವಾಗಿ ತಿರುಗುತ್ತಾನಾ? ಖಾಲಿ ಲೋಟ ಹಿಡಿದು ಕುಡಿದ ಹಾಗೆ ಆಡುತ್ತಾನಾ? ಮೊದಲು ಹೇಳುತ್ತಿದ್ದ ಪದಗಳನ್ನು ಈಗ ಬಿಟ್ಟಿದ್ದಾನಾ? ಹೆಚ್ಚಿನವಕ್ಕೆ ಉತ್ತರ ಚೆನ್ನಾಗಿ ಬಂದರೆ, ಮಾತು ತಡವಾಗಿ ಬಂದು ತಾನೇ ಸರಿಹೋಗುವ ಮಕ್ಕಳ ಗುಂಪಿಗೆ ಇವನೂ ಸೇರಿರಬಹುದು. ಬರದಿದ್ದರೆ ಆಟಿಸಂ, ಅಂದರೆ ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ, ಇದೆಯಾ ಅಂತ ನೋಡಬೇಕಾಗುತ್ತೆ. ಅದಕ್ಕೆ 16ರಿಂದ 30 ತಿಂಗಳ ಮಕ್ಕಳಿಗೆ ಅಂತಲೇ ಮಾಡಿದ ಪ್ರಶ್ನಾವಳಿ ಇದೆ. ನಿಮ್ಮ ಮಗ ಇನ್ನೂ ಆ ವಯಸ್ಸಿನೊಳಗೇ ಇದ್ದಾನೆ. ಕಾಗದ ನೋಡಿ ನಾನು ರೋಗ ಹೇಳುವುದಿಲ್ಲ, ಯಾರೂ ಹೇಳಬಾರದು. ಪದ ಮರೆತದ್ದು ಮಾತ್ರ ಯಾವ ವಯಸ್ಸಿನಲ್ಲಾದರೂ ತಡ ಮಾಡದೆ ತೋರಿಸಬೇಕಾದ ವಿಷಯ.

ಅತ್ತೆಯವರ ಮಾತಿಗೆ ಬರೋಣ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಎರಡು ವರ್ಷಕ್ಕೆ ಮಾತು ಹಿಂದೆ ಬಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಾಲೆಗೆ ಹೋಗುವ ಹೊತ್ತಿಗೆ ಸರಿಹೋಗುತ್ತಾರೆ. ಆದರೆ ಅದು ಯಾವ ಅರ್ಧ ಅಂತ ಮೊದಲೇ ಹೇಳಲು ಆಗುವುದಿಲ್ಲ. ಸರಿಹೋಗದೆ ಉಳಿದ ಮಕ್ಕಳ ಮನೆಯಲ್ಲೂ ‘ಇವರಪ್ಪನೂ ಹೀಗೇ ಇದ್ದ’ ಅನ್ನುವ ಅಜ್ಜಿ ಇರುತ್ತಾರೆ. ಅಪ್ಪನಿಗೂ ಮಾತು ತಡವಾಗಿತ್ತು ಅನ್ನುವುದು ನಮ್ಮ ಲೆಕ್ಕದಲ್ಲಿ ಸಮಾಧಾನದ ಮಾತಲ್ಲ. ಮಾತಿನ ತೊಂದರೆ ಮನೆತನದಲ್ಲಿ ಬರುವುದುಂಟು, ಹಾಗಾಗಿ ಬೇಗ ತೋರಿಸಲು ಅದೇ ಕಾರಣ. ಗಂಡು ಮಕ್ಕಳಿಗೆ ಮಾತು ಸ್ವಲ್ಪ ತಡ ಅನ್ನುವುದೂ ನಿಜವೇ. ಆದರೆ ಆ ವ್ಯತ್ಯಾಸ ಚಿಕ್ಕದು, ವರ್ಷಗಟ್ಟಲೆ ಅಲ್ಲ. ಎರಡು ತುಂಬುವಾಗ ಸುಮಾರು ಐವತ್ತು ಪದ, ‘ಅಮ್ಮ ಬಾ’, ‘ಲಾರಿ ಹೋಯ್ತು’ ಅಂತ ಎರಡು ಪದ ಜೋಡಿಸುವುದು ನಾವು ನೋಡುವ ಗುರುತು. ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ, ಯಾವ ವಯಸ್ಸಿಗೆ ಏನು ಅನ್ನುವುದು ಚಿತ್ರದ ಜೊತೆ ಅಲ್ಲೂ ಇರುತ್ತೆ. ತೂಕದ ಗೆರೆ ನೋಡುವ ನಾವು ಆ ಪುಟ ತಿರುವುವುದೇ ಇಲ್ಲ, ಅಲ್ವಾ?

ಬಜೆ ಹಚ್ಚಿದರೆ ಮಾತು ಬರುವುದಿಲ್ಲ. ಖಾರ ಆಗಿ ಮಗು ನಾಲಿಗೆ ಆಡಿಸುತ್ತೆ, ನೋಡಿದವರಿಗೆ ಕೆಲಸ ಆಗುತ್ತಿದೆ ಅನ್ನಿಸುತ್ತೆ. ಬಜೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶ ಇದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅದು ಗೆಡ್ಡೆ ಬೆಳೆಸಿದ್ದರಿಂದ 1968ರಲ್ಲೇ ಅಮೆರಿಕದಲ್ಲಿ ಬಜೆಯನ್ನು ಆಹಾರಕ್ಕೆ ಬಳಸದಂತೆ ನಿಷೇಧಿಸಿದರು. ಜಾಸ್ತಿ ಹೊಟ್ಟೆಗೆ ಹೋದರೆ ವಾಂತಿಯೂ ಆಗುತ್ತೆ. ದಿನಾ ಹಚ್ಚುವುದನ್ನು ನಿಲ್ಲಿಸಿ. ಆದರೆ ಇದಕ್ಕಾಗಿ ಅತ್ತೆ ಜೊತೆ ಜಗಳ ಬೇಡ. ಬಜೆಯ ಬದಲು ಅವರಿಗೆ ಬೇರೆ ಕೆಲಸ ಕೊಡಿ: ದಿನಾ ಸಂಜೆ ಅರ್ಧ ಗಂಟೆ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, ಮುಖಕ್ಕೆ ಮುಖ ಕೊಟ್ಟು, ಚಪ್ಪಾಳೆ ಆಟ ಆಡಿಸಲಿ. ಅಜ್ಜಿಯರಷ್ಟು ತಾಳ್ಮೆ ನಮಗೂ ಇರುವುದಿಲ್ಲ.

ನಾಲಿಗೆ ದಾರದ ಮಾತನ್ನು ಬಿಟ್ಟುಬಿಡಿ. ದಾರ ಬಿಗಿ ಇದ್ದರೆ ಮಗುವಿಗೆ ಹಾಲು ಕುಡಿಯಲು ಕಷ್ಟ ಆಗಬಹುದು, ಕೆಲವು ಅಕ್ಷರ ತೊದಲಬಹುದು. ಮಾತೇ ಬರದಿರುವುದಕ್ಕೆ ಅದು ಕಾರಣ ಅಲ್ಲ. ‘ಆಪಲ್’ ಅನ್ನುವ ನಾಲಿಗೆ ‘ಅಮ್ಮ’ ಅನ್ನಲಾರದಾ?

ಮೊಬೈಲಿನಿಂದ ಆಟಿಸಂ ಬರುತ್ತೆ ಅಂತ ಊರೆಲ್ಲ ಹೇಳುತ್ತೆ. ಬರುವುದಿಲ್ಲ. ನೀವು ಅಡುಗೆ ಮಾಡುವಾಗ ಫೋನ್ ಕೊಟ್ಟಿರಿ ಅಂತ ಕೊರಗಬೇಡಿ. ಆದರೆ ಫೋನು ಮಗುವಿನ ಮಾತಿಗೆ ಕಾಯುವುದಿಲ್ಲ, ತಾನೇ ಮಾತಾಡಿಕೊಂಡು ಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷದ ಮಗುವಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ಊಟದ ಹೊತ್ತಿನ ಫೋನ್ ಮೊದಲು ನಿಲ್ಲಿಸಿ. ಕೆಲವು ದಿನ ಅಳುತ್ತಾನೆ.

ಹಾಗಾದರೆ ಕಾಯಬಹುದಾ? ಎರಡೂ ಕಡೆ ಲೆಕ್ಕ ಹಾಕಿ. ಈಗ ತೋರಿಸಿದಿರಿ, ಏನೂ ತೊಂದರೆ ಇರಲಿಲ್ಲ ಅನ್ನಿ. ಹೋದದ್ದು ಒಂದೆರಡು ದಿನದ ಕೆಲಸ. ಶಕ್ತಿ ಯೋಜನೆಯಲ್ಲಿ ನಿಮ್ಮ ಬಸ್ ಚಾರ್ಜೂ ಇಲ್ಲ. ಮೂರು ವರ್ಷದವರೆಗೆ ಕಾದಿರಿ, ಆಮೇಲೆ ತೊಂದರೆ ಇದೆ ಅಂತ ಗೊತ್ತಾಯಿತು ಅನ್ನಿ. ಇಪ್ಪತ್ತೆಂಟು ತಿಂಗಳ ಮಗುವಿಗೆ ಎಂಟು ತಿಂಗಳು ಬಹಳ ದೊಡ್ಡದು. ಕಾಯಲೇಬೇಕು ಅಂತ ಮನೆಯಲ್ಲಿ ಹಟ ಇದ್ದರೆ, ಕಿವಿ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಏನು ಮಾಡಬೇಕು ಅಂತ ಕಲಿತುಕೊಂಡು ಬಂದು ಕಾಯಿರಿ. ನಾವೂ ಕೆಲವು ಮಕ್ಕಳಿಗೆ ಹಾಗೇ ಹೇಳುತ್ತೇವೆ: ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ.

ಎಲ್ಲಿಗೆ ಹೋಗುವುದು? ಅಂಗನವಾಡಿಗೆ ಬಂದಿದ್ದ ಡಾಕ್ಟರು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರಿರಬೇಕು. ಅವರ ಚೀಟಿ ಡಿಇಐಸಿಗೆ, ಅಂದರೆ ಜಿಲ್ಲಾ ಮಟ್ಟದ ಅರ್ಲಿ ಇಂಟರ್ವೆನ್ಷನ್ ಕೇಂದ್ರಕ್ಕೆ. ಮಂಡ್ಯದವರು ಮಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಅಲ್ಲಿ ಮಕ್ಕಳ ಡಾಕ್ಟರು, ಥೆರಪಿಯವರು ಒಂದೇ ಕಡೆ ಸಿಗಬೇಕು ಅನ್ನುವುದು ಯೋಜನೆ. ಎಲ್ಲಾ ಹುದ್ದೆಗಳೂ ಎಲ್ಲಾ ಕಾಲಕ್ಕೂ ಭರ್ತಿ ಇರುವುದಿಲ್ಲ, ಅದೂ ನಿಜ. ಎರಡನೆಯದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು. 1965ರಿಂದ ಇದೆ, ಕೇಂದ್ರ ಸರ್ಕಾರದ್ದು. ಬೇರೆ ರಾಜ್ಯಗಳಿಂದ ಮಕ್ಕಳನ್ನು ಕರೆದುಕೊಂಡು ಬಂದು ಮೈಸೂರಿನಲ್ಲಿ ಮನೆ ಬಾಡಿಗೆಗೆ ಹಿಡಿಯುವವರಿದ್ದಾರೆ. ನಿಮಗೆ ಅದು ಬಸ್ಸಿನ ದೂರದಲ್ಲಿದೆ. ಕೆ.ಆರ್. ಪೇಟೆ ಕಡೆಯವರು ಇದನ್ನು ಓದುತ್ತಿದ್ದರೆ, ಅಕ್ಕಿಹೆಬ್ಬಾಳಿನ ಆರೋಗ್ಯ ಕೇಂದ್ರದಲ್ಲಿ ಇದೇ ಸಂಸ್ಥೆ ಸೇವಾ ಕೇಂದ್ರ ನಡೆಸಿಕೊಂಡು ಬಂದಿದೆ. ಹೋಗುವ ಮುಂಚೆ ಯಾವ ದಿನ ಅಂತ ವಿಚಾರಿಸಿಕೊಳ್ಳಿ.

ಖಾಸಗಿ ಸೆಂಟರ್‌ಗಳಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುವವರಿದ್ದಾರೆ. ಹಾಗೆಯೇ ಬೋರ್ಡ್ ಮಾತ್ರ ಇರುವವರೂ ಇದ್ದಾರೆ. ಥೆರಪಿ ಮಾಡುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, 1992ರ ಕಾಯ್ದೆ ಇದೆ. ಕೇಳಿ ನೋಡಿ, ಕೇಳಿದ್ದಕ್ಕೆ ಕೋಪ ಮಾಡಿಕೊಂಡರೆ ಅದೇ ಉತ್ತರ. ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿ ನಿಮ್ಮನ್ನು ಹೊರಗೆ ಕೂರಿಸುವ ಕಡೆಗೆ ಎರಡು ವರ್ಷದ ಮಗುವನ್ನು ಸೇರಿಸಬೇಡಿ. ವಾರಕ್ಕೆ ಎರಡು ಮೂರು ಗಂಟೆ ಸಿಗುವ ನಮಗಿಂತ ದಿನವಿಡೀ ಜೊತೆಗಿರುವ ನೀವು ಕಲಿಯುವುದು ಮುಖ್ಯ. ‘ಗ್ಯಾರಂಟಿ’ ಅಂದವರ ಹತ್ತಿರ ಪ್ಯಾಕೇಜ್ ಕಟ್ಟಬೇಡಿ. ಕಿವಿ ಪರೀಕ್ಷೆ ಕೂಡ ಆಗದ ಮಗುವಿಗೆ ಮಾತಿನ ಗ್ಯಾರಂಟಿ ಹೇಗೆ ಕೊಟ್ಟರೋ ನನಗೆ ಅರ್ಥವಾಗಲಿಲ್ಲ. ಮುಂದೆ ಯಾರಾದರೂ ಸ್ಟೆಮ್ ಸೆಲ್ ಇಂಜೆಕ್ಷನ್ ಅಂದರೆ ಅಲ್ಲಿಂದ ಎದ್ದು ಬನ್ನಿ. ಆಟಿಸಂಗೆ ಅದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಶಿಫಾರಸು ಮಾಡಿಲ್ಲ.

ಚಾಪೆ ಮೇಲೆ ಏನು ನಡೆಯುತ್ತೆ ಅಂತ ಒಂದು ಉದಾಹರಣೆ ಹೇಳುತ್ತೇನೆ, ಇವತ್ತೇ ಮನೆಯಲ್ಲಿ ಮಾಡಬಹುದು. ಒಳಗಿರೋದು ಕಾಣುವ ಡಬ್ಬಿಯಲ್ಲಿ ಕೋಡುಬಳೆ ಹಾಕಿ, ಅವನಿಗೆ ತೆಗೆಯಲು ಆಗದಷ್ಟು ಬಿಗಿಯಾಗಿ ಮುಚ್ಚಳ ಹಾಕಿ, ಅವನ ಕೈಗೇ ಕೊಡಿ. ನೀವು ಎದುರಿಗೆ, ಅವನ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಏನೂ ಹೇಳಬೇಡಿ. ತಿರುವುತ್ತಾನೆ, ಬಡಿಯುತ್ತಾನೆ, ಆಮೇಲೆ ಡಬ್ಬಿಯನ್ನು ನಿಮ್ಮ ಕಡೆ ಚಾಚುತ್ತಾನೆ ಅಥವಾ ಒಂದು ಕ್ಷಣ ನಿಮ್ಮ ಮುಖ ನೋಡುತ್ತಾನೆ. ಆ ನೋಟವೇ ಮಾತಿನ ಮೊದಲ ಮೆಟ್ಟಿಲು. ಆ ಗಳಿಗೆಯಲ್ಲೇ ‘ತೆಗಿ! ಕೋಡುಬಳೆ ತೆಗಿ’ ಅಂತ ನೀವೇ ಹೇಳಿ, ತೆಗೆದು ಅರ್ಧ ಮುರಿದು ಕೊಡಿ. ಮತ್ತೆ ಮುಚ್ಚಿ. ಮತ್ತೆ ಕಾಯಿರಿ, ಮನಸ್ಸಿನಲ್ಲೇ ಹತ್ತು ಎಣಿಸಿ. ನಮಗೆ ಕಷ್ಟ ಆಗೋದು ಈ ಹತ್ತು ಎಣಿಸುವುದೇ. ಸುಮ್ಮನಿರಲಾರದೆ ‘ಹೇಳು, ಕೋಡುಬಳೆ ಅನ್ನು, ಅಂದರೇ ಕೊಡೋದು’ ಅಂತ ಶುರು ಮಾಡುತ್ತೇವೆ. ಅದು ಬೇಡ. ಅಳಿಸಿ ಹೇಳಿಸಿದ ಪದ ನಿಲ್ಲುವುದಿಲ್ಲ. ಅವನು ಒಂದು ಪದ ಅಂದರೆ ನೀವು ಎರಡು ಮಾಡಿ: ‘ನೀ’ ಅಂದರೆ ‘ನೀರು ಬೇಕು’. ಸ್ನಾನದಲ್ಲಿ, ಹಸುವಿಗೆ ಹುಲ್ಲು ಹಾಕುವಾಗ, ಬಟ್ಟೆ ಒಣಗಿಸುವಾಗ, ಐದೈದು ನಿಮಿಷ ಸಾಕು. ಮಾತಾಡುವುದು ನಿಮ್ಮ ಮನೆಯ ಕನ್ನಡವೇ ಇರಲಿ. ಮೈಸೂರಿನ ಕೆಲವು ಮನೆಗಳಲ್ಲಿ ಮಗುವಿಗೆ ಗೊಂದಲ ಆಗುತ್ತೆ ಅಂತ ಕನ್ನಡ ಬಿಟ್ಟು ಇಂಗ್ಲಿಷಿಗೆ ಹೊರಳುತ್ತಾರೆ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಬರುವುದಿಲ್ಲ.

ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಭಾರ ಪೂರ್ತಿ ತಾಯಿಯ ತಲೆ ಮೇಲೆ ಬೀಳುತ್ತೆ. ಮಾತು ಬರದಿದ್ದರೆ ‘ನೀನೇ ಸರಿಯಾಗಿ ಮಾಡಿಸಲಿಲ್ಲ’ ಅನ್ನುವವರಿರುತ್ತಾರೆ. ಅದಕ್ಕೇ ಮೊದಲ ದಿನ ನಿಮ್ಮ ಯಜಮಾನರೂ ಬರಲಿ, ಥೆರಪಿಸ್ಟ್ ಹೇಳಿದ್ದನ್ನು ಅವರೂ ಕೇಳಿಸಿಕೊಳ್ಳಲಿ. ಪ್ರಗತಿ ಮೆಟ್ಟಿಲು ಹತ್ತಿದ ಹಾಗೆ ಬರುವುದೂ ಇಲ್ಲ. ಗೋಡೆ ಕ್ಯಾಲೆಂಡರಿನಲ್ಲಿ ಹೊಸ ಪದ, ಹೊಸ ಸನ್ನೆ ಬಂದ ದಿನ ಬರೆದಿಡಿ. ಮೂರು ತಿಂಗಳಾದರೂ ಕ್ಯಾಲೆಂಡರ್ ಖಾಲಿ ಇದ್ದರೆ ‘ವಿಧಾನ ಬದಲಾಯಿಸೋಣವಾ?’ ಅಂತ ಕೇಳಿ. ನಮ್ಮನ್ನು ಹಾಗೆ ಕೇಳುವ ಹಕ್ಕು ನಿಮಗಿದೆ.

ಹಣೆಪಟ್ಟಿ ಬಗ್ಗೆ ಹೇಳುವುದಾದರೆ, ಆ ಚೀಟಿ ಪ್ರಮಾಣಪತ್ರ ಅಲ್ಲ. ಥೆರಪಿ ಶುರು ಮಾಡಲು ಯಾವ ರೋಗದ ಹೆಸರೂ ಬೇಕಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಬೇರೆ, ನೀವಾಗಿ ಅರ್ಜಿ ಹಾಕಿದರೆ ಮಾತ್ರ ಅದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ, ಶ್ರವಣದೋಷ ಸೇರಿ 21 ಬಗೆ ಇವೆ. ಮುಂದೆ ಬೇಕಾಗಿ ಬಂದರೆ ಆಗ ಯೋಚಿಸಿ. ಉದಾಹರಣೆಗೆ ಆಟಿಸಂ ಇರುವ ಮಕ್ಕಳಿಗೆ ಕೇಂದ್ರದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತೆ.

ಹೋಗುವ ದಿನ ತಾಯಿ ಕಾರ್ಡ್, ಡಾಕ್ಟರ ಚೀಟಿ, ಹುಟ್ಟಿದಾಗಿನ ಡಿಸ್ಚಾರ್ಜ್ ಕಾಗದ ಇಟ್ಟುಕೊಳ್ಳಿ. ಮನೆಯಲ್ಲಿ ಅವನು ಆಡುವಾಗ, ನಿಮ್ಮನ್ನು ಎಳೆದುಕೊಂಡು ಹೋಗುವಾಗ ತೆಗೆದ ಎರಡು ಮೂರು ವಿಡಿಯೋ ಇದ್ದರೆ ನಮಗೆ ಬಹಳ ಸಹಾಯ, ಹೊಸ ಜಾಗದಲ್ಲಿ ಮಕ್ಕಳು ಬೇರೆಯೇ ಥರ ಇರುತ್ತವೆ. ಬೆರಾ ಪರೀಕ್ಷೆ ಆದರೆ ಅಲ್ಲಿ ನಿದ್ದೆ ಬರಬೇಕು, ಹಾಗಾಗಿ ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ. ಮಂಡ್ಯ ದಾಟುತ್ತಿದ್ದಂತೆ ತೂಕಡಿಸಲು ಶುರು ಮಾಡುತ್ತವೆ. ನೆಗಡಿ ಇದ್ದರೆ ಮೊದಲೇ ಫೋನ್ ಮಾಡಿ ಕೇಳಿ, ಕಿವಿ ಕಟ್ಟಿದ್ದರೆ ಕೆಲವು ಪರೀಕ್ಷೆ ಇನ್ನೊಂದು ದಿನಕ್ಕೆ ಹೋಗುತ್ತೆ.